ಉಸ್ತಾದರ ಜೇನುಬಣ್ಣದ ಬಟ್ಟಲು

2010ರ ಮೇ 31, ಸೋಮವಾರ. ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ಖಂಭಾತ್ ಪಟ್ಟಣ ಠಾಣೆಗೆ ಇಬ್ಬರು ಬಂದರು. ಮುಂದಿದ್ದವನು ಅಕೀಕ್ ಅನ್ನುವ ಹರಳುಕಲ್ಲಿನ ವ್ಯಾಪಾರಿ ನಟವರಲಾಲ್ ಕಾಪಡಿಯಾ. ಅವನಿಗಿಂತ ಮೊದಲು ಅವನ ದನಿ ಒಳಗೆ ಬಂತು. ಹಿಂದೆ ಬಂದವರು ಯಾಕೂಬ್ ಮಿಯಾ. ಅಕೀಕ್ ಕೆತ್ತುವವರಲ್ಲಿ ಅವರ ಹೆಸರು ಗೊತ್ತಿಲ್ಲದವರು ಊರಲ್ಲಿ ಇರಲಿಲ್ಲ. ಎಲ್ಲರಿಗೂ ಅವರು ಉಸ್ತಾದ್.

ಸಬ್ ಇನ್ಸ್‌ಪೆಕ್ಟರ್ ಭರತ್ ಚುನಾರಾ ಚಹಾವನ್ನು ಬಸಿಗೆ ಸುರಿದುಕೊಳ್ಳುತ್ತಿದ್ದ. ಉಸ್ತಾದರನ್ನು ಕಂಡು ಅರ್ಧ ಎದ್ದ. ಹೆಡ್ ಕಾನ್‌ಸ್ಟೆಬಲ್ ಗೋಹಿಲ್ ತನ್ನನ್ನೇ ನೋಡುತ್ತಿರುವುದು ತಿಳಿದು ಮತ್ತೆ ಕೂತ.

"ಏನಾಯ್ತು?"

"ಕಳವು ಸಾಹೇಬ್! ಬಟ್ಟಲು ಹೋಯ್ತು," ಅಂದ ನಟವರಲಾಲ್.

"ಯಾರ ಬಟ್ಟಲು?"

"ಕಲ್ಲು ನಂದು. ಕೈ ಇವರದು. ಅಂಥ ಕಲ್ಲು ರತನ್‌ಪೋರ್ ಗಣಿಯಲ್ಲಿ ನಾನು ಹುಟ್ಟಿದ ಮೇಲೆ ಸಿಕ್ಕಿಲ್ಲ. ಜೇನಿನ ಬಣ್ಣ, ಒಂದು ಬಿರುಕಿಲ್ಲ. ಇವರ ಕೈಗೆ ಕೊಟ್ಟೆ, ಬಟ್ಟಲು ಮಾಡಿದ್ರು. ದೀಪದ ಮುಂದೆ ಹಿಡಿದ್ರೆ ಆ ಕಡೆ ಇರೋ ಬೆರಳು ಕಾಣ್ತಿತ್ತು ಸಾಹೇಬ್. ಗುರುವಾರ ಗಾಂಧಿನಗರದಿಂದ ಪ್ರಶಸ್ತಿ ಸಮಿತಿಯವರು ಬರ್ತಾರೆ. ಬಟ್ಟಲು ನೋಡ್ತಾರೆ, ಉಸ್ತಾದ್ ಕೂತು ಕೆತ್ತೋದನ್ನ ನೋಡ್ತಾರೆ. ಈಗ ಏನ್ ತೋರ್ಸೋದು? ಖಾಲಿ ಪೆಟ್ಟಿಗೆನಾ?"

ಭರತ್ ಉಸ್ತಾದರ ಕಡೆ ತಿರುಗಿದ. "ಕೊನೇ ಸಲ ಯಾವಾಗ ನೋಡಿದ್ರಿ ಚಾಚಾ?"

"ನಿನ್ನೆ ಸಂಜೆ."

"ಬೀಗ?"

"ಬೆಳಿಗ್ಗೆ ನೋಡಿದ್ರೆ ಮುರಿದಿತ್ತು."

"ಯಾರ ಮೇಲಾದ್ರೂ ಅನುಮಾನ?"

ಉಸ್ತಾದ್ ಟೋಪಿಯನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡು ಅದರ ಅಂಚನ್ನು ನೋಡಿದರು. "ಯಾರ ಮೇಲೂ ಇಲ್ಲ."

"ಇದೆ ಸಾಹೇಬ್, ಇವರು ಹೇಳಲ್ಲ. ದೊಡ್ಡ ಮನಸ್ಸು," ನಟವರಲಾಲ್ ಮೇಜಿನ ಮೇಲೆ ಬಾಗಿದ. "ರೂಮಾಲ್ ವಸಾವಾ ಅಂತ. ಇವರಲ್ಲಿ ಚಕ್ರದ ಮೇಲೆ ಕಲ್ಲು ನಯ ಮಾಡೋನು. ಹಿಂದೆ ಗಣಿಯಿಂದ ಕಲ್ಲು ಕದ್ದು ಸಿಕ್ಕಿಬಿದ್ದಿದ್ದ, ನಿಮ್ಮಲ್ಲೇ ಕೇಸಿದೆ. ಶನಿವಾರದಿಂದ ಆಸಾಮಿ ಕಾಣಿಸ್ತಿಲ್ಲ."

"ಹೌದಾ ಚಾಚಾ?"

"ಶನಿವಾರದಿಂದ ಬಂದಿಲ್ಲ," ಅಂದರು ಉಸ್ತಾದ್. ಅದಕ್ಕಿಂತ ಒಂದು ಮಾತು ಹೆಚ್ಚು ಹೇಳಲಿಲ್ಲ, ಕಡಿಮೆಯೂ ಹೇಳಲಿಲ್ಲ.

ಐಪಿಸಿ ಕಲಂ 457, 380ರ ಅಡಿ ಎಫ್‌ಐಆರ್ ದಾಖಲಾಯಿತು. ಹೆಬ್ಬೆಟ್ಟು ಒತ್ತುವಾಗ ಉಸ್ತಾದರ ಮಣಿಕಟ್ಟನ್ನು ಗೋಹಿಲ್ ಹಿಡಿದುಕೊಳ್ಳಬೇಕಾಯಿತು. ವಯಸ್ಸು ಅಂದುಕೊಂಡರು ಎಲ್ಲರೂ.

ಹತ್ತೂ ಮುಕ್ಕಾಲಿಗೆ ಇಬ್ಬರು ಪಂಚರನ್ನು ಕರೆದುಕೊಂಡು ಭರತ್ ಸ್ಥಳಕ್ಕೆ ಹೋದ. ಆ ಗಲ್ಲಿಗೆ ಅವನು ಕಾಲಿಟ್ಟು ವರ್ಷಗಳಾಗಿದ್ದವು. ಅದರಿಂದ ಮೂರನೇ ತಿರುವಿನಲ್ಲಿ ಅವನು ಹುಟ್ಟಿದ ಮನೆ ಇತ್ತು. ಅಪ್ಪ ಬಿಜಲ್ ಭಾಯ್ ಅಕೀಕಿನ ಚಕ್ರದ ಮುಂದೆ ಕೂತೇ ಎದೆ ತುಂಬ ಕಲ್ಲಿನ ಧೂಳು ತುಂಬಿಕೊಂಡು ಸತ್ತಿದ್ದ. ಆಸ್ಪತ್ರೆಯವರು ಕ್ಷಯ ಅಂದರು. ಆಮೇಲೆ ಹಾಸ್ಟೆಲ್ ಸೇರಿದ ಭರತ್, ಅಪ್ಪ ಏನು ಮಾಡುತ್ತಿದ್ದ ಅಂತ ಕೇಳಿದವರಿಗೆಲ್ಲ "ವ್ಯಾಪಾರ" ಅನ್ನುತ್ತಿದ್ದ. ಠಾಣೆಯಲ್ಲೂ ಅದನ್ನೇ ಹೇಳಿಕೊಂಡು ಬಂದಿದ್ದ.

ಕಾರ್ಖಾನೆ ಅಂದರೆ ಮನೆಯ ಮುಂದಿನ ಎರಡು ಕೋಣೆ. ಹಿಂದಿನದರಲ್ಲಿ ನಯ ಮಾಡುವ ಚಕ್ರ. ಮುಂದಿನದರಲ್ಲಿ ನೆಲಕ್ಕೆ ಓರೆಯಾಗಿ ಹುಗಿದ ಕಬ್ಬಿಣದ ಗೂಟ, ಅದರೆದುರು ಒಂದು ಚಾಪೆ. ಕಲ್ಲನ್ನು ಗೂಟದ ತುದಿಗೆ ಆನಿಸಿ ಹಿಡಿದು ಎಮ್ಮೆಕೊಂಬಿನ ಸುತ್ತಿಗೆಯಿಂದ ಮೆಲ್ಲಗೆ ಹೊಡೆದರೆ ಚಕ್ಕೆ ಏಳುತ್ತದೆ. ಆ ಸುತ್ತಿಗೆ ಚಾಪೆಯ ಎಡಕ್ಕಿತ್ತು. ಚಕ್ಕೆಗಳ ರಾಶಿ ಬಲಕ್ಕಿತ್ತು. ಭರತ್ ಅದನ್ನು ನೋಡಿದ. ಏನೋ ಸರಿಯಿಲ್ಲ ಅನ್ನಿಸಿತು, ಏನು ಅಂತ ಹೊಳೆಯಲಿಲ್ಲ. ಪಂಚನಾಮೆಯ ಕೆಲಸ ಮುಂದುವರಿಯಿತು.

ಬೀಗದ ಕೊಂಡಿಯನ್ನು ಹೊರಗಿನಿಂದ ಮೀಟಲಾಗಿತ್ತು. ಮಖಮಲ್ಲು ಹಾಸಿದ ಮರದ ಪೆಟ್ಟಿಗೆ ಶೆಲ್ಫಿನ ಮೇಲೆ ಬಾಯಿ ತೆರೆದುಕೊಂಡಿತ್ತು. ಗೋಡೆ ಬದಿಗೆ ಕಲ್ಲು ಸುಡುವ ಮಣ್ಣಿನ ಮಡಕೆಗಳ ಸಾಲಿತ್ತು. ಸಾಲಿನ ಕೊನೆಯಲ್ಲಿ ಧೂಳಿಲ್ಲದ ಒಂದು ದುಂಡು ಜಾಗ. ಅಲ್ಲಿ ಕೂತಿದ್ದ ಮಡಕೆ ಈಗಿರಲಿಲ್ಲ.

"ಕಳ್ಳ ಶುದ್ಧ ದಡ್ಡ ಸಾಹೇಬ್," ಅಂದ ಗೋಹಿಲ್. "ಇಷ್ಟು ಚಂದದ ಪೆಟ್ಟಿಗೆ ಬಿಟ್ಟು ಮಡಕೆ ಎತ್ಕೊಂಡು ಹೋಗಿದಾನೆ. ದಾರೀಲಿ ಮಜ್ಜಿಗೆ ಕುಡಿಯೋಕಾ?"

"ದಡ್ಡ ಅಲ್ಲ. ಅಕೀಕಿನವನು. ಬಚ್ಚಿಡಬೇಕು ಅಂದ್ರೆ ಅಕೀಕಿನವರ ಕೈ ಮಡಕೆಗೇ ಹೋಗುತ್ತೆ. ಹೊಟ್ಟು ತುಂಬಿ ಒಳಗಿಟ್ರೆ ಕಲ್ಲಿಗೆ ಪೆಟ್ಟಾಗಲ್ಲ ಅನ್ನೋದು ಅವರ ಲೆಕ್ಕ."

"ಅದೆಲ್ಲ ನಿಮಗೆ ಹೆಂಗೆ ಗೊತ್ತು?"

"ಬರ್ಕೋ," ಅಂದ ಭರತ್.

ಒಳಬಾಗಿಲ ಪರದೆ ಸರಿಸಿ ಉಸ್ತಾದರ ಮಗಳು ರುಕೈಯಾ ನೀರು ತಂದಳು. ಮೂವತ್ತು ದಾಟಿದವಳು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ಮಣಿ ಪೋಣಿಸುತ್ತಾಳೆ ಅಂತ ಪಂಚರಲ್ಲೊಬ್ಬ ಪಿಸುಗುಟ್ಟಿದ. ಅತ್ತು ಅತ್ತು ಅವಳ ಮುಖ ಊದಿತ್ತು.

"ಬಟ್ಟಲು ಸಿಗುತ್ತಾ ಸಾಹೇಬ್?"

"ನೋಡ್ತೀವಿ."

"ಸಿಕ್ರೆ ಅಂಚು ಹಿಡಿದು ಎತ್ತಬೇಡಿ. ಬಳ್ಳಿ ಕೆತ್ತಿರೋ ಕಡೆ ಬಹಳ ತೆಳು ಇದೆ. ಎರಡೂ ಕೈ ತಳಕ್ಕೆ ಕೊಟ್ಟು ಎತ್ತಿ. ಕದ್ದವನಿಗೆ ಅದು ಗೊತ್ತಿರುತ್ತೋ ಇಲ್ವೋ…"

"ರುಕೈಯಾ, ಒಳಗೆ ಹೋಗು," ಅಂದರು ಉಸ್ತಾದ್.

ಅವಳು ಹೋದಳು. ಬಟ್ಟಲಿಗಾಗಿ ಅಪ್ಪನಿಗಿಂತ ಮಗಳೇ ಹೆಚ್ಚು ಅತ್ತಿದ್ದಾಳಲ್ಲ ಅಂತ ಭರತ್‌ಗೆ ಅನ್ನಿಸಿತು. ಹೆಣ್ಣುಮಕ್ಕಳು ಅಳುತ್ತಾರೆ, ಅದರಲ್ಲೇನು ಅಂತ ಬಿಟ್ಟುಬಿಟ್ಟ.

ಮಧ್ಯಾಹ್ನ ಇಬ್ಬರು ಕಾನ್‌ಸ್ಟೆಬಲ್‌ಗಳನ್ನು ರೂಮಾಲ್‌ನ ಊರ ಕಡೆ, ನರ್ಮದೆಯಾಚೆಯ ಝಗಡಿಯಾಕ್ಕೆ ಕಳಿಸಿದ. ಸಂಜೆ ನಾಲ್ಕರ ಹೊತ್ತಿಗೆ ನೆರೆಯವರನ್ನು ವಿಚಾರಿಸಲು ಮತ್ತೆ ಗಲ್ಲಿಗೆ ಬಂದ. ಬೀಗ ಮುರಿದ ಸದ್ದು ಯಾರಿಗೂ ಕೇಳಿಸಿರಲಿಲ್ಲ. ಗಲ್ಲಿಯ ಹಿಂದಿನ ಬಯಲಿನಲ್ಲಿ ಕಲ್ಲು ಸುಡುವ ಕುಣಿ ಹೊಗೆಯಾಡುತ್ತಿತ್ತು. ಕುಣಿ ಎಲ್ಲರಿಗೂ ಸೇರಿದ್ದು. ಸರದಿಯ ಮೇಲೆ ಒಬ್ಬೊಬ್ಬರು ತಮ್ಮ ಮಡಕೆಗಳಿಗೆ ಕಲ್ಲು ತುಂಬಿ ಬೋರಲಿಟ್ಟು, ಮೇಲೆ ಬೆರಣಿ, ಮರದ ಹೊಟ್ಟು ಸುರಿದು ಬೆಂಕಿ ಕೊಡುತ್ತಾರೆ. ಹಳದಿ ಕಲ್ಲು ಕೆಂಪಾಗುವುದು ಅಲ್ಲಿಯೇ. ಗಲ್ಲಿಯ ಇನ್ನೊಬ್ಬ ಕೆಲಸಗಾರ ಛಗನ್ ಕಾಕಾ ಕಣ್ಣಿಗೆ ಟವೆಲ್ ಅಡ್ಡ ಹಿಡಿದುಕೊಂಡು ಕುಣಿಯ ಸುತ್ತ ಓಡಾಡುತ್ತಿದ್ದ.

ಉಸ್ತಾದ್ ಹಿಂಬಾಗಿಲಲ್ಲಿ ಕೂತು ಆ ಹೊಗೆಯನ್ನೇ ನೋಡುತ್ತಿದ್ದರು.

"ಒಳಗೆ ಹೋಗಿ ಚಾಚಾ. ಹೊಗೆ ಎದೆಗೆ ಒಳ್ಳೇದಲ್ಲ."

"ಇವತ್ತು ಯಾರ ಸರದಿ?"

"ಛಗನ್ ಕಾಕಾನೇ ಹಾಕಿರೋದು."

"ಅವನದು ಶುಕ್ರವಾರ ಅಲ್ವಾ?"

"ಕೊಲ್ಲಿ ಮೇಲೆ ಮೋಡ ಬಂದಿದೆ ನೋಡಿ. ಮಳೆಗೆ ಮುಂಚೆ ಮುಗಿಸೋಣ ಅಂತ ಹಾಕಿರಬೇಕು."

ಉಸ್ತಾದ್ ಎದ್ದರು. ಕುಣಿಯ ಕಡೆ ಒಂದೆರಡು ಹೆಜ್ಜೆ ಇಟ್ಟರು. ಬಾಯಿ ತೆರೆದರು. ಆಮೇಲೆ ವಾಪಸ್ಸು ಬಂದು ಅದೇ ಜಾಗದಲ್ಲಿ ಕೂತರು. ಬಟ್ಟಲು ಹೋದ ದುಃಖದಲ್ಲಿ ಮುದುಕರಿಗೆ ದಿಕ್ಕು ತೋಚದಂತಾಗಿದೆ ಅಂತ ಭರತ್ ಅಂದುಕೊಂಡ. ರೂಮಾಲ್ ಮೇಲಿದ್ದ ಅವನ ಸಿಟ್ಟು ಇನ್ನಷ್ಟು ಏರಿತು.

ಮರುದಿನ, ಮಂಗಳವಾರ, ಹನ್ನೊಂದೂವರೆಗೆ ರೂಮಾಲ್‌ನನ್ನು ತಂದರು. ತಂಗಿಯ ಮನೆಯಲ್ಲಿ ಕಂಬಳಿ ಹೊದ್ದು ಮಲಗಿದ್ದವನನ್ನು ಎಬ್ಬಿಸಿ ಕರೆತಂದಿದ್ದರು. ಐವತ್ತರ ಆಜುಬಾಜಿನವನು, ನೋಡಿದರೆ ಎಪ್ಪತ್ತು ಅನ್ನಬೇಕು. ಪಕ್ಕೆಲುಬುಗಳು ಅಂಗಿಯ ಮೇಲಿಂದಲೇ ಲೆಕ್ಕಕ್ಕೆ ಸಿಗುತ್ತಿದ್ದವು.

"ಬಟ್ಟಲು ಎಲ್ಲಿ?"

"ಗೊತ್ತಿಲ್ಲ ಸಾಹೇಬ್."

"ಮುಟ್ಟಿಲ್ವಾ?"

"ಮುಟ್ಟದೆ ಹೆಂಗೆ? ನಯ ಮಾಡಿದವನು ನಾನು. ಕೂಸನ್ನ ಸ್ನಾನ ಮಾಡಿಸಿದಂಗೆ ಮಾಡಿದೀನಿ. ಕದ್ದಿಲ್ಲ."

"ಮತ್ತೆ ಓಡಿದ್ಯಾಕೆ?"

"ಓಡಿಲ್ಲ. ಸ್ವಲ್ಪ ಜ್ವರ ಇತ್ತು. ಉಸ್ತಾದ್ ಅವರೇ ಹೋಗು ಅಂದ್ರು. ಗುರುವಾರ ಕಳೆದ ಮೇಲೆ ಬಾ ಅಂದ್ರು."

"ಉಸ್ತಾದರ ಹೆಸರು ಹೇಳ್ತೀಯಾ? ಸಮಿತಿಯವರು ಬರೋ ವಾರದಲ್ಲಿ ನಯದವನನ್ನ ಅವರೇ ಊರಿಗೆ ಕಳಿಸಿದ್ರಾ? ಯಾರಿಗೆ ಹೇಳ್ತಿದೀಯ ಈ ಕತೆ?"

"ಕಳಿಸಿದ್ರು. ಬೇಕಾದ್ರೆ ಕೇಳಿ."

ಭರತ್ ಹೊಡೆದ. ಬಲಗೈಯ ಪೂರ್ತಿ ಏಟು, ಕಪಾಳಕ್ಕೆ. ರೂಮಾಲ್ ಗೋಡೆಗೆ ತಾಗಿ ಕೆಳಗೆ ಕೂತ. ಆಮೇಲೆ ಕೆಮ್ಮು ಶುರುವಾಯಿತು. ಮೊದಲು ಒಣ ಕೆಮ್ಮು, ಆಮೇಲೆ ಒಳಗಿನಿಂದ ಏನೋ ಹರಿದು ಬರುವಂಥದ್ದು. ಆ ಸದ್ದು ಭರತ್‌ಗೆ ಗೊತ್ತಿತ್ತು. ಅದನ್ನು ಕೇಳಿಕೊಂಡೇ ಅವನು ಹತ್ತನೇ ತರಗತಿಯ ಪರೀಕ್ಷೆಗೆ ಓದಿದ್ದ.

"ನೀರು ತಾ," ಅಂದ ಗೋಹಿಲ್‌ಗೆ.

ಗೋಹಿಲ್ ಹೊರಗೆ ಹೋದ. ರೂಮಾಲ್ ಬಾಯಿ ಒರೆಸಿಕೊಂಡು ಬಾಗಿಲ ಕಡೆ ನೋಡಿದ. ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು ದನಿ ತಗ್ಗಿಸಿದ.

"ಅವರ ಮುಂದೆ ಬೇಡ ಅಂತ ಸುಮ್ನಿದ್ದೆ ಸಾಹೇಬ್. ಬಿಜಲ್ ಭಾಯ್ ಪಕ್ಕದ ಚಕ್ರ ನಂದಿತ್ತು. ಊಟದ ಡಬ್ಬಿ ತರ್ತಿದ್ರಿ ನೀವು. ಅವರ ಮಗ ನೀವು, ನನಗೆ ಗೊತ್ತು. ಇಲ್ಲಿ ಯಾರಿಗೂ ಹೇಳಿಲ್ಲ, ಹೇಳೋದೂ ಇಲ್ಲ."

ಭರತ್‌ಗೆ ಕೈ ಎಲ್ಲಿಡಬೇಕು ತಿಳಿಯಲಿಲ್ಲ. ಅಂಗೈ ಇನ್ನೂ ಉರಿಯುತ್ತಿತ್ತು. ಬೆಲ್ಟಿನ ಹಿಂದಕ್ಕೆ ಸಿಕ್ಕಿಸಿಕೊಂಡ.

"ಕಳಿಸಿದ್ದು ಉಸ್ತಾದರೇ? ನಿಜ ಹೇಳಿ."

ಅದುವರೆಗೆ 'ನೀನು' ಅನ್ನುತ್ತಿದ್ದವನ ಬಾಯಲ್ಲಿ ಆ 'ಹೇಳಿ' ಎಲ್ಲಿಂದ ಬಂತೋ. ರೂಮಾಲ್ ಅದನ್ನು ಗಮನಿಸಿದಂತೆ ತೋರಿಸಿಕೊಳ್ಳಲಿಲ್ಲ.

"ಅವರೇ."

"ಯಾಕೆ?"

"ಅದನ್ನ ಆ ಮನೆಯವರನ್ನೇ ಕೇಳಿ. ನಾನು ಆ ಮನೆ ಊಟ ಉಂಡವನು."

ನೀರು ಬಂತು. ಕುಡಿದ.

ಕಾರ್ಖಾನೆಯಲ್ಲಿ ಇದ್ದವರು ಮೂರೇ ಜನ: ಉಸ್ತಾದ್, ಮಗಳು, ರೂಮಾಲ್. ರೂಮಾಲ್ ಶನಿವಾರವೇ ಊರಲ್ಲಿರಲಿಲ್ಲ. ತಂಗಿಯ ನೆರೆಯವರೂ, ಅವನಿಗೆ ಚುಚ್ಚುಮದ್ದು ಕೊಟ್ಟ ಕಾಂಪೌಂಡರೂ ಫೋನಿನಲ್ಲಿ ಅದನ್ನೇ ಹೇಳಿದರು. ಸಮಿತಿ ಬರುವ ವಾರ ಇದ್ದೊಬ್ಬ ಕೆಲಸಗಾರನನ್ನು ದೂರ ಕಳಿಸಿದ ಸಂಗತಿಯನ್ನು ಉಸ್ತಾದ್ ದೂರಿನಲ್ಲಿ ಹೇಳಿರಲಿಲ್ಲ. ಸುಳ್ಳನ್ನೂ ಹೇಳಿರಲಿಲ್ಲ. 'ಬಂದಿಲ್ಲ' ಅಂದಿದ್ದರು, ಅಷ್ಟೇ.

ನಾಲ್ಕೂವರೆಗೆ ಭರತ್, ಗೋಹಿಲ್ ಮತ್ತು ಪಂಚರು ಮತ್ತೆ ಅದೇ ಚಾಪೆಯ ಮುಂದೆ ನಿಂತಿದ್ದರು. ಜೀಪು ಕಂಡು ನಟವರಲಾಲ್ ಕೂಡ ಹಿಂದೆಯೇ ಬಂದಿದ್ದ. ಸುತ್ತಿಗೆ ಎಡಕ್ಕೆ, ಚಕ್ಕೆ ಬಲಕ್ಕೆ. ಭರತ್ ಈಗ ಸುಮ್ಮನೆ ಅಪ್ಪನ ಗೆಳೆಯರನ್ನೆಲ್ಲ ಕಣ್ಣ ಮುಂದೆ ತಂದುಕೊಂಡ. ಗೂಟದ ಮುಂದೆ ಕೂತವರೆಲ್ಲ ಎಡಗೈಲಿ ಕಲ್ಲು, ಬಲಗೈಲಿ ಸುತ್ತಿಗೆ. ಸುತ್ತಿಗೆ ಇಡುವುದು ಬಲಕ್ಕೆ. ಈ ಚಾಪೆಯ ಮೇಲೆ ಕೂರುವವರು ಎಡಗೈಯವರು. ಉಸ್ತಾದ್ ನಿನ್ನೆ ಟೋಪಿ ತೆಗೆದದ್ದು, ತೊಡೆಯ ಮೇಲಿಟ್ಟುಕೊಂಡದ್ದು, ಎಲ್ಲ ಬಲಗೈಲಿ.

"ರೂಮಾಲ್‌ನ ಊರಿಗೆ ಕಳಿಸಿದ್ದು ನೀವೇ ಅಂತೆ ಚಾಚಾ."

"ಜ್ವರ ಇತ್ತು ಅವನಿಗೆ."

"ನಿನ್ನೆ ಯಾಕೆ ಹೇಳಲಿಲ್ಲ?"

"ನೀವು ಕೇಳಲಿಲ್ಲ."

ಭರತ್ ಬಾಗಿ ಸುತ್ತಿಗೆ ಎತ್ತಿಕೊಂಡ. ಮೂಲೆಯಿಂದ ಒಂದು ಕಚ್ಚಾ ಕಲ್ಲು ಎತ್ತಿಕೊಂಡ. ಎರಡನ್ನೂ ಉಸ್ತಾದರ ಮುಂದೆ ಹಿಡಿದ.

"ಒಂದೇ ಒಂದು ಚಕ್ಕೆ ತೆಗೀರಿ."

"ಇದೇನು ಸಾಹೇಬ್!" ನಟವರಲಾಲ್ ನಡುವೆ ಬಂದ. "ನಲವತ್ತು ವರ್ಷದ ಉಸ್ತಾದಿಗೆ ಪರೀಕ್ಷೆ ಇಡ್ತೀರಾ? ಸಚಿನ್‌ಗೆ ಬ್ಯಾಟ್ ಹಿಡಿಯೋಕೆ ಬರುತ್ತಾ ಅಂತ ಕೇಳಿದಂಗಾಯ್ತು. ತೋರ್ಸಿ ಉಸ್ತಾದ್, ಇವರಿಗೂ ಗೊತ್ತಾಗ್ಲಿ."

ಉಸ್ತಾದ್ ಚಾಪೆಯ ಮೇಲೆ ಕೂತರು. ಕಲ್ಲನ್ನು ಗೂಟಕ್ಕೆ ಆನಿಸಿದರು. ಹಾಗೆ ಆನಿಸಿದ್ದರಲ್ಲಿ ಯಾವ ತಪ್ಪೂ ಇರಲಿಲ್ಲ. ಎಲ್ಲಿ ಹೊಡೆಯಬೇಕು ಅನ್ನುವುದು ಆ ಕಣ್ಣಿಗೆ ಗೊತ್ತಿತ್ತು. ಸುತ್ತಿಗೆ ಎತ್ತಿದ ಕೈ ಮಾತ್ರ ಗಾಳಿಯಲ್ಲಿ ನಡುಗತೊಡಗಿತು. ಮೊದಲ ಏಟು ಕಲ್ಲಿಗೆ ಬೀಳಲೇ ಇಲ್ಲ. ಎರಡನೆಯದು ಅವರ ಹೆಬ್ಬೆರಳಿಗೆ ಬಿತ್ತು.

ನಟವರಲಾಲ್ ನಕ್ಕ. ತಮಾಷೆ ಅಂದುಕೊಂಡಿದ್ದ. ಯಾರೂ ನಗದಿರುವುದನ್ನು ಕಂಡು ನಿಲ್ಲಿಸಿದ.

ಮೂರನೇ ಸಲ ಸುತ್ತಿಗೆ ಏಳುವಷ್ಟರಲ್ಲಿ ಪರದೆ ಸರಿಯಿತು. ರುಕೈಯಾ ಬಂದು ಅಪ್ಪನ ಕೈಯಿಂದ ಸುತ್ತಿಗೆಯನ್ನು ತೆಗೆದುಕೊಂಡಳು. ಎಡಗೈಯಿಂದ. "ಸಾಕು," ಅಂದಳು. ಕಲ್ಲನ್ನು ತೆಗೆದುಕೊಳ್ಳಲು ಚಾಚಿದ ಬಲಗೈಯ ಬೆರಳುಗಳ ತುಂಬ ಹಳೆಯ ಸಣ್ಣ ಸಣ್ಣ ಗಾಯಗಳು ಕಪ್ಪಾಗಿ ಕೂತಿದ್ದವು. ಕಲ್ಲು ಹಿಡಿಯುವ ಕೈಗೆ ಚಕ್ಕೆ ಕಚ್ಚಿ ಆಗುವ ಗಾಯಗಳು. ಮಣಿ ಪೋಣಿಸುವ ಕೈಗೆ ಹಾಗಾಗುವುದಿಲ್ಲ.

ಭರತ್ ನಟವರಲಾಲ್‌ನನ್ನು ಹೊರಗೆ ಕಳಿಸಿದ. ತಡವಾಗಿ ಕಳಿಸಿದೆ ಅಂತ ಅವನಿಗೇ ಗೊತ್ತಿತ್ತು. ಈ ಪರೀಕ್ಷೆಯನ್ನು ಬಾಗಿಲು ಹಾಕಿಕೊಂಡೂ ಮಾಡಬಹುದಿತ್ತು.

"ಮಡಕೆ ಎಲ್ಲಿದೆ ಚಾಚಾ?"

ಉಸ್ತಾದ್ ಹೆಬ್ಬೆರಳು ಬಾಯಲ್ಲಿಟ್ಟುಕೊಂಡು ಹಿಂಬಾಗಿಲ ಕಡೆ ನೋಡಿದರು. ಬಯಲಿನಲ್ಲಿ ಕುಣಿಯಿಂದ ಈಗಲೂ ತೆಳುವಾಗಿ ಹೊಗೆ ಏಳುತ್ತಿತ್ತು.

"ಇಲ್ಲ," ಅಂದಳು ರುಕೈಯಾ. ಯಾರಿಗೆ ಅಂದಳೋ.

ಛಗನ್ ಕಾಕಾ ಜಗಳಕ್ಕೇ ನಿಂತ. "ನಾಳೆ ತನಕ ಕೆದಕಂಗಿಲ್ಲ! ತಂತಾನೇ ಆರಬೇಕು. ಈಗ ಗಾಳಿ ಬಿದ್ರೆ ನನ್ನ ಕಲ್ಲೆಲ್ಲ ಒಡೆದು ಹೋಗುತ್ತೆ. ಪೊಲೀಸರಿಗೆ ಕಲ್ಲಿನ ವಿಷಯ ಏನ್ ಗೊತ್ತು?"

"ಗೊತ್ತು ಕಾಕಾ. ನಾನು ಬಿಜಲ್ ಚುನಾರಾನ ಮಗ," ಅಂದ ಭರತ್, ಪಂಚರಿಗೂ ಗೋಹಿಲ್‌ಗೂ ಕೇಳುವಂತೆ. "ಒಂದು ಮೂಲೆ ಮಾತ್ರ ತೆಗೀತೀವಿ. ನಿಮ್ಮ ಮಡಕೆ ಮುಟ್ಟಲ್ಲ."

ಗೋಹಿಲ್ ಅವನನ್ನೊಮ್ಮೆ ನೋಡಿ ಸಲಾಕೆ ಎತ್ತಿಕೊಂಡ.

ಹಳೆಯ ಬೂದಿಯ ಅಡಿಯಲ್ಲಿ, ಛಗನ್ ಕಾಕಾನ ಮಡಕೆಗಳಿಗಿಂತ ಕೆಳಗೆ, ಇನ್ನೊಂದು ಮಡಕೆ ಸಿಕ್ಕಿತು. ಬಾಯಿಗೆ ಕಟ್ಟಿದ್ದ ಬಟ್ಟೆ ಸುಟ್ಟು ಹೋಗಿತ್ತು, ತುಂಬಿದ್ದ ಹೊಟ್ಟು ಕಪ್ಪು ಪುಡಿಯಾಗಿತ್ತು. ಸಲಾಕೆಯಿಂದ ಓರೆ ಮಾಡಿದಾಗ ಬಟ್ಟಲು ಚೂರು ಚೂರಾಗಿ ಜಾರಿ ಬಂತು. ಜೇನಿನ ಬಣ್ಣ ಹೋಗಿ ಕಡುಗೆಂಪಾಗಿತ್ತು. ಬಳ್ಳಿಯ ತುಂಡೊಂದು, ಎಲೆಯ ನರಗಳ ಸಮೇತ, ಬೂದಿಯ ಮೇಲೆ ಇಡಿಯಾಗಿ ಬಿದ್ದಿತ್ತು.

ರುಕೈಯಾ ದುಪಟ್ಟಾದ ತುದಿ ಸುತ್ತಿ ಅದನ್ನು ಎತ್ತಿದಳು. ಬಿಸಿಗೆ ಕೈ ಬದಲಿಸುತ್ತ ಬೆಳಕಿಗೆ ಹಿಡಿದಳು.

"ಬಣ್ಣ ಚೆನ್ನಾಗಿ ಬಂದಿದೆ," ಅಂದಳು.

ಆಮೇಲೆ ಬಾಗಿಲಲ್ಲಿ ನಿಂತಿದ್ದ ಅಪ್ಪನ ಕಡೆ ತಿರುಗಿದಳು.

"ನಿನ್ನೆ ನೀವು ಇಲ್ಲೇ ಕೂತಿದ್ರಿ ಅಬ್ಬಾ. ಹೊಗೆ ಏಳ್ತಿತ್ತು. ನಾನು ಚಹಾ ತಂದುಕೊಟ್ಟೆ. ಕುಡಿದ್ರಿ."

"ಶುಕ್ರವಾರದೊಳಗೆ ತೆಗೀತಿದ್ದೆ," ಉಸ್ತಾದ್ ಅಂದರು. "ಸಮಿತಿಯವರು ಬಂದು ಹೋದ ಮೇಲೆ ಎಲ್ಲೋ ಸಿಕ್ತು ಅಂತ ತಂದಿಡೋಣ ಅಂದ್ಕೊಂಡಿದ್ದೆ. ಛಗನ್ ಬೆಂಕಿ ಹಾಕಿದಾಗ ಕೂಗೋಣ ಅಂತ ಎದ್ದೆ ಬೇಟಿ. ಅಲ್ಲಾನಾಣೆ ಎದ್ದೆ. ಕೂಗಿದ್ರೆ ಯಾಕೆ ಅಂತ ಕೇಳ್ತಿದ್ರು."

"ಕೇಳಲಿ ಬಿಡಿ ಅನ್ನಿಸಲಿಲ್ವಾ?"

ಅವರು ತಲೆ ತಗ್ಗಿಸಿದರು.

"ರೂಮಾಲ್ ಕಾಕಾನ ಹಿಡಿದು ತಂದಿದಾರೆ ಅಂತ ಮಧ್ಯಾಹ್ನ ನಿಮಗೆ ಹೇಳಿದೆ. ಊಟ ಮಾಡಿ ಮಲಗಿದ್ರಿ."

"ನಿದ್ದೆ ಬರಲಿಲ್ಲ," ಅಂದರು ಉಸ್ತಾದ್. ಅದನ್ನು ಒಂದು ಉತ್ತರ ಅಂತ ಅವರು ಹೇಳಿದ್ದು ನೋಡಿ ಗೋಹಿಲ್ ಮುಖ ಆಚೆ ತಿರುಗಿಸಿದ.

ಚೂರುಗಳನ್ನು ಮುದ್ದೆಮಾಲು ಅಂತ ಪಂಚರ ಸಮಕ್ಷಮ ವಶಪಡಿಸಿಕೊಂಡು ಮೊಹರು ಮಾಡಲಾಯಿತು. ಕಳವಿನ ಕಲಂಗಳು ಬಿದ್ದುಹೋದವು. ನಂಬಿ ಒಪ್ಪಿಸಿದ ಸ್ವತ್ತಿನ ವಿಷಯದಲ್ಲಿ ಮಾಡಿದ ದ್ರೋಹ, ಕಲಂ 406, ಆ ಜಾಗಕ್ಕೆ ಬಂತು. ಸಂಜೆ ಆರೂ ಹತ್ತಕ್ಕೆ ಯಾಕೂಬ್ ಮಿಯಾರನ್ನು ದಸ್ತಗಿರಿ ಮಾಡಲಾಯಿತು. ಭರತ್ ಠಾಣೆಗೆ ಫೋನ್ ಮಾಡಿ, ರೂಮಾಲ್‌ನನ್ನು ಬಿಡಿ, ಆದರೆ ನಾನು ಬರುವ ತನಕ ಬೆಂಚಿನ ಮೇಲೆ ಕೂರಿಸಿ, ಊಟ ತರಿಸಿಕೊಡಿ ಅಂದ. ಕೇಸು ಡೈರಿಯಲ್ಲಿ 'ವಿಚಾರಣೆ ಮಾಡಿ ಬಿಡಲಾಯಿತು' ಅಂತ ಬರುತ್ತದೆ. ಕಪಾಳದ ವಿಷಯ ಎಲ್ಲೂ ಬರುವುದಿಲ್ಲ. ಇಷ್ಟು ವರ್ಷದಲ್ಲಿ ಅವನು ಹೊಡೆದ ಯಾವ ಏಟೂ ಎಲ್ಲೂ ಬಂದಿರಲಿಲ್ಲ.

ಗಲ್ಲಿ ತುಂಬ ಜನ. ಜೀಪು ಹತ್ತುವ ಮುಂಚೆ ಉಸ್ತಾದ್ ಭರತ್‌ನ ತೋಳು ಹಿಡಿದರು.

"ಒಂದು ಉಪಕಾರ ಮಾಡು ಬೇಟಾ. ಮಾರೋಕೆ ಅಂತ ಬಚ್ಚಿಟ್ಟೆ ಅಂತ ಬರ್ಕೋ."

"ಹಾಗೆ ಬರೆದ್ರೆ ಕಳ್ಳ ಅಂತಾರೆ ಚಾಚಾ."

"ಅನ್ನಲಿ. ಕಳ್ಳ ಅಂದ್ರೆ ಜನಕ್ಕೆ ಅರ್ಥ ಆಗುತ್ತೆ. ಒಂದಷ್ಟು ದಿನ ಬೈತಾರೆ, ಮರೀತಾರೆ. ಇದು ಹಾಗಲ್ಲ. ಮಗಳ ಕೈಕೆಲಸಕ್ಕೆ ತನ್ನ ಹೆಸರು ಹಾಕ್ಕೊಂಡು ತಿರುಗಿದ ಅಂತಾರೆ. ಗೂಟದ ಮುಂದೆ ಹೆಂಗಸನ್ನ ಕೂರಿಸಿ ಇವನು ಜಗಲಿ ಮೇಲೆ ಹುಕ್ಕಾ ಸೇದ್ತಿದ್ದ ಅಂತಾರೆ. ನನ್ನ ಗೋರಿ ಮೇಲೂ ಅದನ್ನೇ ಅಂತಾರೆ."

ಆ ಗಲ್ಲಿಯ ಹೆಂಗಸರು ಮಣಿಗೆ ತೂತು ಹಾಕುತ್ತಾರೆ, ಪೋಣಿಸುತ್ತಾರೆ. ಗೂಟದ ಮುಂದೆ ಕೂರುವುದಿಲ್ಲ. ಯಾರು ಮಾಡಿದ ಕಟ್ಟಳೆ ಅಂತ ಯಾರೂ ಕೇಳಿದವರಿಲ್ಲ. ಉಸ್ತಾದರ ಕೈ ನಡುಗಲು ಶುರುವಾದ ಮೇಲೆ ಬಾಗಿಲು ಹಾಕಿಕೊಂಡು ಮಗಳು ಕೂತಳು. ಅಪ್ಪ ಪಕ್ಕದಲ್ಲಿ ಕೂತು ಎಲ್ಲಿ ಹೊಡೆಯಬೇಕು ಹೇಳಿದರು. ಸ್ವಲ್ಪ ಕಾಲದ ಮೇಲೆ ಹೇಳುವ ಅಗತ್ಯವೂ ಬೀಳಲಿಲ್ಲ. ಬಟ್ಟಲನ್ನು ಅವಳೇ ಪೂರ್ತಿ ಮಾಡಿದಳು. ನಟವರಲಾಲ್ ಉಸ್ತಾದರನ್ನು ಕೇಳದೆಯೇ ಅವರ ಹೆಸರಲ್ಲಿ ಪ್ರಶಸ್ತಿಗೆ ಅರ್ಜಿ ಹಾಕಿದ್ದ. ಸಮಿತಿ ಎದುರು ಕೂತು ಕೆತ್ತಿ ತೋರಿಸಬೇಕು ಅಂತ ಪತ್ರ ಬಂದ ದಿನ ಉಸ್ತಾದರ ಊಟ ನಿಂತಿತ್ತು. ಕೈ ಆಗಲ್ಲ ಅಂದಿದ್ದರೆ 'ಹಾಗಾದರೆ ಇದನ್ನು ಯಾರು ಮಾಡಿದರು' ಅನ್ನುವ ಪ್ರಶ್ನೆ ಬರುತ್ತಿತ್ತು. ಬಟ್ಟಲೇ ಇಲ್ಲದಿದ್ದರೆ ಯಾವ ಪ್ರಶ್ನೆಯೂ ಇಲ್ಲ. ಗುಟ್ಟು ಗೊತ್ತಿದ್ದ ರೂಮಾಲ್ ಹತ್ತಿರ ಇರದಿರಲಿ ಅಂತ ಅವನನ್ನು ಊರಿಗೆ ಕಳಿಸಿದರು. ರೂಮಾಲ್‌ನ ಮೇಲೆ ಅನುಮಾನ ಬರುತ್ತದೆ ಅಂತ ಮೊದಲು ಅವರಿಗೆ ಹೊಳೆದಿರಲಿಲ್ಲ. ಬಂದಾಗ, ಅದು ಅನುಕೂಲವಾಗಿಯೇ ಕಂಡಿತು. ಇದನ್ನೂ ಅವರೇ ಹೇಳಿದರು, ನೆಲ ನೋಡುತ್ತ.

ಹೆಂಗಸಿನ ಹೇಳಿಕೆಯನ್ನು ಠಾಣೆಗೆ ಕರೆಸಿ ಪಡೆಯುವಂತಿಲ್ಲ. ಉಸ್ತಾದರನ್ನು ಜೀಪಿನಲ್ಲಿ ಕೂರಿಸಿ ಭರತ್ ಮನೆಯ ಮುಂದಿನ ಜಗಲಿಗೆ ವಾಪಸ್ಸು ಬಂದ. ಒಳಗೆ ಕೂತು ಮಾತಾಡೋಣ ಅಂದ. ರುಕೈಯಾ ಒಪ್ಪಲಿಲ್ಲ.

"ಇಲ್ಲೇ ಕೇಳಿ."

"ಬಟ್ಟಲು ಮಾಡಿದ್ದು ಯಾರು?"

ಅವಳು ಜೀಪಿನ ಕಡೆ ನೋಡಿದಳು. ಅವಳು ಅಪ್ಪನ ಹೆಸರೇ ಹೇಳುತ್ತಾಳೆ ಅಂತ ಭರತ್‌ಗೆ ಅನ್ನಿಸಿತು. ಹೇಳಿದರೆ ಹಾಗೇ ಬರೆದುಕೊಳ್ಳುವುದು ಅಂತ ಪೆನ್ನಿನ ಮುಚ್ಚಳ ತೆಗೆದ.

"ನಾನು," ಅಂದಳು. ದನಿ ಎತ್ತರಿಸಿರಲಿಲ್ಲ, ಆದರೂ ಎದುರು ಜಗಲಿಯ ತನಕ ಹೋಯಿತು. "ತಳ ನಾನು, ಬಳ್ಳಿ ನಾನು. ನಯ ರೂಮಾಲ್ ಕಾಕಾ."

ಜೀಪಿನಲ್ಲಿ ಉಸ್ತಾದ್ ಗೋಹಿಲ್‌ಗೆ ಏನೋ ಹೇಳಿದರು. ಗೋಹಿಲ್ ಜೀಪಿನ ಬದಿಯ ಕ್ಯಾನ್ವಾಸನ್ನು ಕೆಳಗಿಳಿಸಿದ.

ದಾರಿಯಲ್ಲಿ ಅವರು ಕೇಳಿದ್ದು ಒಂದೇ ಮಾತು. "ಎದುರುಮನೆಯವರು ಹೊರಗಿದ್ರಾ?"

"ಇದ್ರು," ಅಂದ ಭರತ್.

ಠಾಣೆಯಲ್ಲಿ ರೂಮಾಲ್ ಬೆಂಚಿನ ಮೇಲೆ ಕೂತಿದ್ದ. ಕೆನ್ನೆ ನೀಲಿಗಟ್ಟಿ ಊದಿತ್ತು. ತರಿಸಿಕೊಟ್ಟ ಖಿಚಡಿ ಅರ್ಧ ಹಾಗೇ ಉಳಿದಿತ್ತು, ಜಗಿಯಲು ಆಗಿರಲಿಲ್ಲ. ಉಸ್ತಾದ್ ಒಳಗೆ ಬಂದದ್ದನ್ನು ಕಂಡು ಗಡಬಡಿಸಿ ಎದ್ದ. ಹೆಗಲ ಮೇಲಿನ ಟವೆಲಿನಿಂದ ಬೆಂಚು ಒರೆಸಿದ.

"ಕೂತ್ಕೊಳ್ಳಿ ಉಸ್ತಾದ್."

ಉಸ್ತಾದ್ ಕೂರಲಿಲ್ಲ. ಭರತ್ ಏನಾದರೂ ಹೇಳಬೇಕು ಅಂತ ಬಾಯಿ ತೆರೆದ. ಕ್ಷಮಿಸಿ ಕಾಕಾ ಅನ್ನುವ ಎರಡು ಮಾತು ಬಾಯಿಗೆ ಬಂದಿತ್ತು. ಕಾನ್‌ಸ್ಟೆಬಲ್‌ಗಳೆಲ್ಲ ನೋಡುತ್ತಿದ್ದರು.

"ಡಾಕ್ಟರ ಹತ್ರ ನಮ್ಮ ಜೀಪಲ್ಲೇ ಹೋಗಿ," ಅಂದ.

"ಆಯ್ತು ಸಾಹೇಬ್." ರೂಮಾಲ್ ಚಪ್ಪಲಿ ಹುಡುಕಿಕೊಳ್ಳುತ್ತ ಕೇಳಿದ: "ಬಟ್ಟಲು ಸಿಕ್ತಾ?"

ಯಾರೂ ಅವನಿಗೆ ಹೇಳಿರಲಿಲ್ಲ.

"ಸಿಕ್ತು," ಅಂದ ಭರತ್.

ರೂಮಾಲ್‌ನ ಊದಿದ ಮುಖ ಒಂದು ಕಡೆ ಮಾತ್ರ ಅರಳಿತು. ಉಸ್ತಾದರ ಕಡೆ ನೋಡಿದ, ಇನ್ನು ಮುಚ್ಚಿಡುವುದೇನಿದೆ ಅನ್ನುವ ಹಾಗೆ.

"ಹುಡುಗಿ ಕೈಗೆ ಕೊಟ್ರಾ?"